ಬೇರೆಯವರ ಸರದಿ ಕಾದವಳು

ನಮ್ಮಕ್ಕ ಏನು ಕೆಲಸ ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ ನಾನು ನೇರವಾಗಿ ಹೇಳಿಬಿಡ್ತೀನಿ, ನಿಂತ್ಕೋತಾಳೆ ಅಂತ. ಕೇಳಿದೋರು ನಗ್ತಾರೆ. ನಗ್ಲಿ ಬಿಡಿ, ನನ್ನ ಗಂಟೇನು ಹೋಗಲ್ಲ. ಆಸ್ಪತ್ರೆಯ ಚೀಟಿ ಕೊಡೋ ಕಿಟಕಿ, ಪಾಸ್‌ಪೋರ್ಟ್ ಕಚೇರಿ, ದೊಡ್ಡ ಶಾಲೆಯಲ್ಲಿ ಅರ್ಜಿ ಕೊಡೋ ದಿನ, ಹೊಸ ಫೋನು ಬರೋ ಅಂಗಡಿ, ಎಲ್ಲೆಲ್ಲಿ ಬಾಗಿಲು ತೆಗೆಯೋ ಮುಂಚೇನೇ ಜನ ಸಾಲುಗಟ್ತಾರೋ ಅಲ್ಲೆಲ್ಲ ನಮ್ಮಕ್ಕ ಇರ್ತಾಳೆ, ಬೇರೆ ಯಾರದೋ ಪರವಾಗಿ. ಬೆಳಕು ಹರಿಯೋ ಮುಂಚೆ ಹೋಗಿ ಜಾಗ ಹಿಡೀತಾಳೆ. ಗಿರಾಕಿಗಳು ಸ್ನಾನ, ತಿಂಡಿ ಮುಗಿಸಿ, ಇಸ್ತ್ರಿ ಬಟ್ಟೆ ಹಾಕ್ಕೊಂಡು ಆರಾಮಾಗಿ ಬರ್ತಾರೆ. ಅಕ್ಕ ಅವರನ್ನ ತನ್ನ ಜಾಗದಲ್ಲಿ ನಿಲ್ಲಿಸಿ, ಪಕ್ಕಕ್ಕೆ ಸರಿದು ಹೊರಟುಹೋಗ್ತಾಳೆ. ನಮ್ಮ ಕಡೆ ಎಲ್ಲರಿಗೂ ಅವಳು ಕ್ಯೂ ಅಕ್ಕ. ನಾನು ರಸ್ತೆ ಮೂಲೇಲಿ ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಕೊಂಡಿದೀನಿ, ಆದ್ರೂ ನನ್ನನ್ನ ಕ್ಯೂ ಅಕ್ಕನ ತಂಗಿ ಅಂತಲೇ ಕರೆಯೋದು. ನನಗೂ ಒಂದು ಕಸುಬಿದೆ ಅನ್ನೋದು ಯಾರಿಗೂ ನೆನಪಿರಲ್ಲ.

ನಿಲ್ಲೋದರಲ್ಲಿ ಏನು ಮಹಾ ಅಂದ್ಕೋಬೇಡಿ. ಅವಳ ಕಸುಬಿಗೂ ಕಟ್ಟುಕಟ್ಟಳೆ ಇದೆ. ಚೀಲ ಎರಡು ಕಾಲಿನ ಮಧ್ಯ ಇರ್ಬೇಕು. ನೆಲಕ್ಕೆ ಕೂರಬಾರದು. ಹಿಂದಿನೋರ ಹತ್ರ ಹರಟೆ ಹೊಡೀಬಹುದು, ಜಗಳ ಮಾತ್ರ ಆಡಬಾರದು. ಗಿರಾಕಿ ಬಂದ ಕೂಡಲೇ ಅವಳು ಹೊರಗೆ ಬಂದುಬಿಡ್ಬೇಕು, ತಿರುಗಿ ನೋಡಬಾರದು, ಒಂದು ಗಳಿಗೆಯೂ ಅಲ್ಲಿ ಸುಳಿದಾಡಬಾರದು. "ಒಬ್ಬರು ಹೋಗಿ ಒಬ್ಬರು ಬಂದ್ರೆ ಯಾರೂ ತುಟಿಪಿಟಕ್ ಅನ್ನಲ್ಲ ಕಣೇ. ಇಬ್ಬರೂ ಅಲ್ಲೇ ನಿಂತ್ರೆ ಹಿಂದಿನೋರಿಗೆ ಉರಿಯುತ್ತೆ," ಅಂತಾಳೆ. ಹಾಗಾಗಿ ಇಷ್ಟು ವರ್ಷ ನಿಂತೂ ನಿಂತೂ ಅವಳು ಆ ಬಾಗಿಲುಗಳ ಒಳಗೆ ಕಾಲಿಟ್ಟಿದ್ದೇ ಇಲ್ಲ. ಪಾಸ್‌ಪೋರ್ಟ್ ಕಚೇರಿ ಒಳಗೆ ಕುರ್ಚಿ ಇದೆಯೋ ಬೆಂಚಿದೆಯೋ ಅವಳಿಗೆ ಗೊತ್ತಿಲ್ಲ.

ಈ ಕಸುಬಲ್ಲೇ ಮಗಳನ್ನ ಸಾಕಿದ್ಲು. ಭಾವ ತೀರಿಕೊಂಡಾಗ ಮಗು ಇನ್ನೂ ತೊದಲು ಮಾತಾಡ್ತಿತ್ತು. ಅಕ್ಕ ಮನೆ ಬಿಡೋ ಹೊತ್ತಿಗೆ ಅದಕ್ಕೆ ಸಕ್ಕರೆ ನಿದ್ದೆ. ಎಬ್ಬಿಸಿ, ತಲೆ ಬಾಚಿ, ತಿನ್ನಿಸಿ, ಶಾಲೆಗೆ ಬಿಡ್ತಿದ್ದೋಳು ನಾನು. ಶಾಲೆಗೆ ಸೇರಿಸೋ ದಿನ ಏನಾಯ್ತು ಗೊತ್ತಾ? ಅದೇ ಶಾಲೆಯ ಗೇಟಿನ ಮುಂದೆ ಅಕ್ಕ ನಿಂತಿದ್ಲು, ಯಾರೋ ಡಾಕ್ಟರ ಮಗುವಿನ ಪರವಾಗಿ. ಅವರು ಬಂದ ಕೂಡಲೇ ಜಾಗ ಬಿಟ್ಟುಕೊಟ್ಟು ಆಸ್ಪತ್ರೆ ಕಿಟಕಿಗೆ ಓಡಿದ್ಲು, ಅಲ್ಲಿ ಇನ್ನೊಂದು ಗಿರಾಕಿ. ನಮ್ಮ ಹುಡುಗಿಯನ್ನ ಒಳಗೆ ಕರ್ಕೊಂಡು ಹೋದೋಳು ನಾನೇ. ದೊಡ್ಡ ಟೀಚರು, "ಅಮ್ಮ ಬರಲಿಲ್ವೇನಮ್ಮಾ?" ಅಂತ ಕೇಳಿದ್ರು. ಮಗು, "ಕ್ಯೂನಲ್ಲಿದಾಳೆ" ಅಂತು. ಅಲ್ಲಿದ್ದೋರೆಲ್ಲ ನಕ್ಕರು. ಅವತ್ತು ಅವಳೂ ನಕ್ಕಳು. ಸ್ವಲ್ಪ ದೊಡ್ಡೋಳಾದ ಮೇಲೆ ನಗೋದು ನಿಂತುಹೋಯ್ತು. ಕಾಲೇಜಿನಲ್ಲಿ ಅಮ್ಮನ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ, "ನಮ್ಮ ಚಿಕ್ಕಮ್ಮನ ಅಂಗಡಿ ಇದೆ" ಅಂತ ಮಾತು ಹಾರಿಸ್ತಿದ್ಲು. ಅಕ್ಕನಿಗೆ ಇದು ಗೊತ್ತಿತ್ತು. ಒಂದು ದಿನಕ್ಕೂ ಅದರ ಬಗ್ಗೆ ಬಾಯಿ ಬಿಡಲಿಲ್ಲ, ಪಾಪ.

ತಾಯಿ ಮಗಳ ಮಧ್ಯ ಜಗಳ ಅಂತ ಏನೂ ಇರಲಿಲ್ಲ. ಜಗಳ ಆಡೋಕೂ ಇಬ್ಬರೂ ಒಂದೇ ಕಡೆ ಇರ್ಬೇಕಲ್ಲ! ಒಬ್ಬಳು ಬರೋ ಹೊತ್ತಿಗೆ ಇನ್ನೊಬ್ಬಳು ಹೊರಟಿರ್ತಿದ್ಲು. ಅನ್ನ ಮುಚ್ಚಿಟ್ಟಿದೀನಿ, ಬೀಗದ ಕೈ ಚಿಕ್ಕಮ್ಮನ ಹತ್ರ ಇದೆ, ಇಷ್ಟರಲ್ಲೇ ಅವರ ಮಾತುಕತೆ ಮುಗೀತಿತ್ತು.

ಹುಡುಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಕೊಡೋ ಓದು ಓದಿದ್ಲು. ದೂರದ ಊರಿನ ಕಣ್ಣಾಸ್ಪತ್ರೇಲಿ ಕೆಲಸ ಸಿಕ್ತು. ಇನ್ನು ಅವಳು ಅಲ್ಲೇ ಇರೋದು, ರಜಕ್ಕೆ ಬಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ರೂಮು ನೋಡಿ ಪಾತ್ರೆ ಪಡಗ ಹೊಂದಿಸಿಕೊಟ್ಟು ಬರೋಣ ಅಂತ ನಾನೂ ಅಕ್ಕನೂ ಜೊತೆಗೆ ಹೊರಡೋದಾಯ್ತು, ವಿಮಾನದಲ್ಲಿ. ಮೂವರೂ ಅದುವರೆಗೆ ವಿಮಾನ ಹತ್ತಿದೋರಲ್ಲ. ಆವಾಗ ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದು, ಯಾರದೋ ಪ್ಯಾಂಟಿನ ಅಂಚು ಮಡಚ್ತಾ ಕೂತಿದ್ದ ನನ್ನ ಕಿವಿ ಹತ್ರ ಬಗ್ಗಿ ಹೇಳಿದ್ಲು. "ನಾನು ಅವಳ ಪಕ್ಕ ಕೂತ್ಕೋಬೇಕು ಕಣೇ. ಅವಳ ಜೊತೆ ಒಂದೆರಡು ಗಂಟೆ ಸುಮ್ಮನೆ ಕೂತಿದ್ದೇ ಇಲ್ಲ ನಾನು."

"ಕೂತ್ಕೊಂಡು ಏನು ಮಾತಾಡ್ತೀಯ?"

"ಏನೂ ಇಲ್ಲ. ಕೂತ್ಕೋತೀನಿ ಅಷ್ಟೇ."

ನಾನು ಮಿಷನ್ನು ನಿಲ್ಲಿಸಿದೆ. ಅಕ್ಕ ತನಗೆ ಇಂಥದ್ದು ಬೇಕು ಅಂತ ಕೇಳಿದ್ದು ನಾನು ಕಂಡಿದ್ದೇ ಇಲ್ಲ. ಆಗಲಿ, ನಾನಿದೀನಿ, ಕೂರಿಸ್ತೀನಿ ಅಂದೆ.

ಹೇಳಿದಷ್ಟು ಸುಲಭ ಇರಲಿಲ್ಲ. ನಾವು ಹೋಗೋದು ಅಗ್ಗದ ವಿಮಾನ, ಟಿಕೆಟ್ಟಲ್ಲಿ ಸೀಟಿನ ನಂಬರೇ ಕೊಡಲ್ವಂತೆ. ಹುಡುಗಿ ಫೋನು ನೋಡ್ತಾ ಓದಿ ಹೇಳಿದ್ಲು. "ಮೊದಲು ಹತ್ತಿದೋರು ಬೇಕಾದ ಕಡೆ ಕೂರ್ಬಹುದು. ಒಂದಿಷ್ಟು ಜಾಸ್ತಿ ಕೊಟ್ರೆ ಎಲ್ಲರಿಗಿಂತ ಮುಂಚೆ ಹತ್ತಿಸ್ತಾರೆ. ಕೊಟ್ಟುಬಿಡೋಣ್ವಾ ಅಮ್ಮ?"

ಅಕ್ಕನ ಮುಖ ನೋಡ್ಬೇಕಿತ್ತು ನೀವು! ಅಡುಗೆ ಮಾಡೋರಿಗೆ ಹೋಟೆಲಿಂದ ಊಟ ತರಿಸಿಕೊಡ್ತೀನಿ ಅಂದ ಹಾಗಾಯ್ತು. "ಕ್ಯೂನಲ್ಲಿ ಮುಂದಿನ ಜಾಗಕ್ಕೆ ದುಡ್ಡು ಕೊಡೋದಾ? ನಾನಾ?"

"ನೀನು ಮಾರೋದೂ ಅದನ್ನೇ ತಾನೇ?" ಹುಡುಗಿ ತಲೆ ಎತ್ತದೇ ಅಂದ್ಲು. "ಅವರು ಮಾರಿದ್ರೆ ಮಾತ್ರ ತಪ್ಪಾ?"

ಅಕ್ಕ ಸಿಟ್ಟಾಗಲಿಲ್ಲ. "ನಾನು ನಿಂತು ಮಾರ್ತೀನಿ. ಅವರು ಯಾವತ್ತು ನಿಂತಿದ್ರು?"

ನನಗಂತೂ ಆ ಮಾತು ಇವತ್ತಿಗೂ ಸರಿ ಅನ್ಸುತ್ತೆ. ಅಕ್ಕ ಮಾರೋದು ತನ್ನ ಮಂಡಿ, ತನ್ನ ನಿದ್ದೆ. ಈ ವಿಮಾನದೋರು ಮಾರೋದು ಯಾರದನ್ನ? ಹಿಂದೆ ಉಳಿದೋರ ಹೊತ್ತನ್ನ ತಾನೇ? ಅವರ ಗಂಟೇನು ಕರಗುತ್ತೆ ಇದರಲ್ಲಿ? ಅದೇನೇ ಇರಲಿ, ಅಕ್ಕ, "ನಾವು ಮುಂಚೆ ಹೋಗೋಣ. ಜಾಗ ಹಿಡಿಯೋದು ನನಗೆ ಬಿಡು" ಅಂತ ಮಾತು ಮುಗಿಸಿದ್ಲು. ಮಗಳ ಮುಂದೆ ಒಂದು ಸಲವಾದ್ರೂ ತನ್ನ ಕೈಚಳಕ ತೋರಿಸ್ಬೇಕು ಅಂತಿತ್ತೋ ಏನೋ.

ಮುಂಚೆ ಅಂದ್ರೆ ಎಷ್ಟು ಮುಂಚೆ ಅಂತೀರಿ! ನಾವು ಹೋದಾಗ ವಿಮಾನ ಹತ್ತೋಕೆ ಬಿಡೋ ಗೇಟಿನ ಹತ್ರ ಇನ್ನೂ ನೆಲ ಒರೆಸ್ತಿದ್ರು. ಖಾಲಿ ಕುರ್ಚಿಗಳು, ಪಟ್ಟಿ ಕಟ್ಟಿದ ಕಂಬಗಳು, ಮುಚ್ಚಿದ ಗಾಜಿನ ಬಾಗಿಲು. ಅಕ್ಕ ಸೀದಾ ಹೋಗಿ ಆ ಪಟ್ಟಿಯ ತುದೀಲಿ, ಚೀಲ ಎರಡು ಕಾಲಿನ ಮಧ್ಯ ಇಟ್ಕೊಂಡು ನಿಂತ್ಲು. "ಇನ್ನೂ ಟೈಮಿದೆ, ಕೂತ್ಕೋ ಬಾ ಅಮ್ಮ, ಎಲ್ಲರೂ ನೋಡ್ತಾರೆ" ಅಂತ ಹುಡುಗಿ ಪಿಸುಗುಟ್ಟಿದ್ಲು. ನೋಡೋಕೆ ಅಲ್ಲಿ ನೆಲ ಒರೆಸೋರನ್ನ ಬಿಟ್ರೆ ನರಪಿಳ್ಳೆ ಇರಲಿಲ್ಲ. ಅಕ್ಕ ಜಗ್ಗಲಿಲ್ಲ. ಹುಡುಗಿ ಮುಖ ಊದಿಸ್ಕೊಂಡು ದೂರದ ಕುರ್ಚೀಲಿ ಕೂತು ಫೋನಿಗೆ ತಲೆ ತಗ್ಗಿಸಿದ್ಲು. ನಾನೂ ಅವಳ ಪಕ್ಕ ಕೂತೆ, ನನಗೆ ಅಕ್ಕನಂಥ ಗಟ್ಟಿ ಕಾಲಿಲ್ಲ, ಮಂಡಿ ನೋವು.

ಆಮೇಲೆ ಜನ ಒಬ್ಬೊಬ್ಬರಾಗಿ ಬಂದ್ರು. ಒಬ್ಬ ದಪ್ಪನೆ ಮನುಷ್ಯ, ಕತ್ತಿಗೆ ದಿಂಬು ಸಿಗಿಸ್ಕೊಂಡೋನು, "ಕ್ಯೂ ಇದೇನಾಮ್ಮ?" ಅಂತ ಕೇಳಿದ. "ಇದೇ ನೋಡಿ, ನನ್ನ ಹಿಂದೆ ನಿಂತ್ಕೊಳ್ಳಿ" ಅಂದ್ಲು ಅಕ್ಕ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ನೋಡ್ತಾ ನೋಡ್ತಾ ಅಷ್ಟುದ್ದ ಸಾಲಾಯ್ತು. ಹುಡುಗಿಯೂ ಕಳ್ಳಗಣ್ಣಲ್ಲಿ ನೋಡ್ತಿದ್ಲು, ನಾನು ಕಂಡೆ.

ಬಾಗಿಲು ತೆಗೆದ್ರು. ಮೊದಲು ಹತ್ತೋಕೆ ದುಡ್ಡು ಕೊಟ್ಟೋರು ಮಾತ್ರ ಬನ್ನಿ ಅಂತ ಕೂಗಿದ್ರು. ಅಬ್ಬಾ, ಎಲ್ಲಿದ್ರೋ ಅಷ್ಟು ಜನ! ಕುರ್ಚಿಯಿಂದ, ಕಾಫಿ ಅಂಗಡಿಯಿಂದ ಎದ್ದು ಬಂದು ಪಕ್ಕದ ಪಟ್ಟಿಯೊಳಗೆ ಹರಿದುಹೋದ್ರು. ಒಬ್ಬ ಆಗಷ್ಟೇ ಓಡಿ ಬಂದೋನು, ಏದುಸಿರು ಬಿಡ್ತಾ, "ಸ್ವಲ್ಪ ದಾರಿ ಬಿಡಿ" ಅಂದ. ಅಕ್ಕ ಚೀಲ ಸರಿಸಿ ದಾರಿ ಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯ್ತು. ಎದ್ದು ಹತ್ರ ಹೋಗಿ, "ಸುಮ್ಮನೆ ಬಿಟ್ಯಲ್ಲೇ ಅವನನ್ನ!" ಅಂದೆ.

ಅಕ್ಕ ಅದನ್ನ ಕೇಳಿಸ್ಕೊಳ್ಳಲಿಲ್ಲ. ಒಳಗೆ ಹೋಗ್ತಿದ್ದೋರನ್ನೇ ನೋಡ್ತಾ, "ಪಕ್ಕ ಪಕ್ಕ ಎರಡು ಸೀಟು ಉಳಿಯುತ್ತೇನೇ?" ಅಂದ್ಲು. ಸಣ್ಣ ಮಗು ಕೇಳಿದ ಹಾಗಿತ್ತು. ದುಡ್ಡು ಕೊಟ್ಟಿದ್ರೇ ಚೆನ್ನಾಗಿತ್ತು ಅಂತ ನನಗೂ ಅನ್ನಿಸಿತು, ಬಾಯಿ ಬಿಟ್ಟು ಹೇಳಲಿಲ್ಲ.

ಕೊನೆಗೂ ನಮ್ಮ ಸಾಲನ್ನ ಕರೆದ್ರು. ಹುಡುಗಿ ಚೀಲ ಎತ್ಕೊಂಡು ಓಡಿ ಬಂದು, "ಬಂದೆ ಅಮ್ಮ" ಅಂದ್ಲು. ಅಷ್ಟೇ ನೋಡಿ. ಅಕ್ಕ ಮಗಳ ಭುಜ ಹಿಡಿದು ತನ್ನ ಜಾಗದಲ್ಲಿ ನಿಲ್ಲಿಸಿದ್ಲು, ನನ್ನನ್ನ ಅವಳ ಹಿಂದೆ ತಳ್ಳಿದ್ಲು, ತಾನು ಚೀಲ ತಗೊಂಡು ಪಟ್ಟಿ ಕೆಳಗೆ ನುಸುಳಿ ಹೊರಟೇಬಿಟ್ಲು. ತಿರುಗಿ ಕೂಡ ನೋಡಲಿಲ್ಲ. ಬೇಕು ಅಂತ ಮಾಡಿದ್ದಲ್ಲ ಮಹರಾಯರೇ, ಗಿರಾಕಿ ಬಂದ ಕೂಡಲೇ ಹೊರಡೋದು ಅವಳ ಕಾಲಿಗೆ ಅಷ್ಟು ರೂಢಿಯಾಗಿಹೋಗಿತ್ತು. ನಾನು ನನ್ನ ಟಿಕೆಟ್ ಹುಡುಕೋ ಗಡಿಬಿಡೀಲಿ ಗಮನಿಸಲಿಲ್ಲ. ಅವಳು ನನ್ನ ಹಿಂದೇನೇ ಇದಾಳೆ ಅಂದ್ಕೊಂಡು ಬಾಗಿಲು ದಾಟಿದ್ವಿ.

"ಅಮ್ಮ ಎಲ್ಲಿ?" ಅಂತ ಹುಡುಗಿ ತಿರುಗಿದ್ಲು. ಗಾಜಿನ ಆಚೆ, ಕುರ್ಚಿಗಳ ಹತ್ರ, ಅಕ್ಕ ಹಣೆ ಮೇಲೆ ಕೈ ಇಟ್ಕೊಂಡು ನಿಂತಿದ್ಲು. ಆಗಷ್ಟೇ ಅವಳಿಗೆ ಗೊತ್ತಾಗಿತ್ತು. ನಾವು ವಾಪಸ್ ಹೋಗೋಕೆ ನೋಡಿದ್ರೆ ಬಾಗಿಲಲ್ಲಿದ್ದ ಹುಡುಗ ಬಿಡಲಿಲ್ಲ, ದಾಟಿದ ಮೇಲೆ ಹಿಂದೆ ಬರೋ ಹಾಗಿಲ್ವಂತೆ. "ಮುಂದಕ್ಕೇ ಬಾರೇ ಅಕ್ಕ! ಇದು ನಿನ್ನ ಜಾಗ, ಯಾರೂ ಏನೂ ಅನ್ನಲ್ಲ!" ಅಂತ ನಾನು ಗಂಟಲು ಹರಿಯೋ ಹಾಗೆ ಕೂಗಿದೆ. ಅಕ್ಕ ತಲೆ ಅಲ್ಲಾಡಿಸಿ, ನೀವು ಹೋಗಿ ಅಂತ ಕೈ ಬೀಸಿ, ನಡ್ಕೊಂಡು ಹೋಗಿ ಆ ಸಾಲಿನ ಕಟ್ಟಕಡೇಲಿ ನಿಂತ್ಲು. ಒಂದು ಸಲ ಜಾಗ ಬಿಟ್ಟ ಮೇಲೆ ಮುಂದೆ ಹೋದ್ರೆ ಅದು ನುಗ್ಗಿದ ಹಾಗೆ ಅಂತೆ. ಇಂಥ ನಿಯತ್ತಿಗೆ ಬೆಂಕಿ ಹಾಕ!

ಹುಡುಗಿ ಒಂದು ಗಳಿಗೆ ನೋಡಿದ್ಲು, ಆಮೇಲೆ ವಿಮಾನದ ಕಡೆ ಓಡಿದ್ಲು. ನಾನು ಕುಂಟ್ತಾ ಹಿಂದೆ ಹೋದೆ. ಒಳಗೆ ದಾರಿಯ ಒಂದೊಂದು ಕಡೆ ಎರಡೆರಡು ಸೀಟು. ಮುಂದೆಲ್ಲ ಆಗಲೇ ಭರ್ತಿ. ಹಿಂದೆ ಒಂದು ಕಡೆ ಜೋಡಿ ಸೀಟು ಖಾಲಿ ಇತ್ತು, ಹುಡುಗಿ ಕಿಟಕಿ ಸೀಟಿಗೆ ತನ್ನ ಚೀಲ ಹಾಕಿ, ಇನ್ನೊಂದರ ಮುಂದೆ ತಾನು ಅಡ್ಡ ನಿಂತ್ಲು. ಅದರ ಹಿಂದಿನ ಸಾಲಲ್ಲಿ, ಯಾರೋ ನಿದ್ದೆ ಹೊಡೀತಿದ್ದೋನ ಪಕ್ಕ, ನನಗೊಂದು ಸಿಕ್ತು.

ಜನ ಬರ್ತಾನೇ ಇದ್ರು. "ಇಲ್ಲಿ ಯಾರಾದ್ರೂ ಇದಾರಾ?" "ಇದಾರೆ." ಮತ್ತೊಬ್ಬರು. "ಇದಾರೆ." ಗಗನಸಖಿ ಬಂದು, ಹೀಗೆ ಸೀಟು ಹಿಡಿದಿಡಬಾರದು, ಬಂದೋರಿಗೆ ಬಿಡಬೇಕು ಅಂತ ನಯವಾಗಿ ಹೇಳಿದ್ಲು. ಅಷ್ಟರಲ್ಲಿ, ಬಾಗಿಲಲ್ಲಿ ಟಿಕೆಟ್ ಸಿಗದೇ ಹಿಂದೆ ಬಿದ್ದಿದ್ದ ಆ ಕತ್ತಿನ ದಿಂಬಿನೋನು ಬಂದ. "ನಾನು ಬಂದಾಯ್ತು, ಅವರು ಬಂದಿಲ್ಲ. ಚೀಲ ತೆಗೀಮ್ಮ."

ನಮ್ಮ ಹುಡುಗಿ ಅಂಗಡೀಲಿ ಚಿಲ್ಲರೆ ವಾಪಸ್ ಕೇಳೋಕೂ ನನ್ನನ್ನ ಕರೆಯೋಳು. ಅವತ್ತು ಅವಳ ದನಿ ಆ ವಿಮಾನದ ಆ ತುದಿಗೂ ಕೇಳಿರಬೇಕು. "ತೆಗೆಯಲ್ಲ. ಇದು ನಮ್ಮಮ್ಮನ ಸೀಟು. ನಿಮ್ಮೆಲ್ಲರಿಗಿಂತ ಮುಂಚೆ ಬಂದು ನಿಂತೋರು ಅವರು. ಕ್ಯೂನಲ್ಲಿ ನಿಲ್ಲೋದೇ ನಮ್ಮಮ್ಮನ ಕೆಲಸ, ನಿಂತೇ ನನ್ನನ್ನ ಓದಿಸಿದಾರೆ. ಅವರು ಬರೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ."

ಆ ಮನುಷ್ಯ, "ಮುಂದೆ ನಿಂತಿದ್ರಲ್ಲ, ಆ ಅಮ್ಮನಾ?" ಅಂತ ಕೇಳಿದ. ಹೌದು ಅಂದ್ಲು. ಅವನು ಹಿಂದಕ್ಕೆ ಹೋಗಿ ಎಲ್ಲೋ ಕೂತ. ಗಗನಸಖಿಯೂ ಬೇರೆ ಕಡೆ ಏನೋ ಕೆಲಸ ಹುಡುಕ್ಕೊಂಡು ಹೋದ್ಲು.

ಎಲ್ಲರೂ ಹತ್ತಿದ ಮೇಲೆ ಅಕ್ಕ ಬಂದ್ಲು. ಚೀಲ ಎದೆಗೆ ಅವುಚಿಕೊಂಡು, ಎಲ್ಲಾದ್ರೂ ಒಂದು ಮೂಲೆ ಸಿಕ್ರೆ ಸಾಕು ಅನ್ನೋ ಹಾಗೆ, ಯಾರ ಮುಖವನ್ನೂ ನೋಡದೇ ಬರ್ತಿದ್ಲು. "ಅಮ್ಮಾ, ಇಲ್ಲಿ!" ಅಂತ ಹುಡುಗಿ ಕೂಗಿ, ತನ್ನ ಚೀಲ ತೆಗೆದು ದಾರಿಗೆ ಸರಿದು ನಿಂತ್ಲು. ಅಕ್ಕ ನುಸುಳಿ ಹೋಗಿ ಕಿಟಕಿ ಪಕ್ಕದ ಸೀಟಿನ ತುದೀಲಿ ಕೂತ್ಲು. ತಲೆ ಎತ್ತಿ, ದಾರೀಲಿ ನಿಂತಿದ್ದ ಮಗಳನ್ನ ನೋಡಿದ್ಲು. ಜಾಗ ಹಿಡಿದುಕೊಟ್ಟೋರು ಅಲ್ಲೇ ಉಳಿಯೋದನ್ನ ಅವಳು ಕಂಡಿದ್ದಾದ್ರೂ ಎಲ್ಲಿ?

"ಕೂತೆ ಕಣಮ್ಮ, ಇನ್ನು ನೀನು ಹೊರಡು," ಅಂದ್ಲು.

ಹುಡುಗಿಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಆಯ್ತು.

"ಎಲ್ಲಿಗಮ್ಮ ಹೊರಡ್ಲಿ?" ಅಂತ ಅವಳು ಅಮ್ಮನ ಪಕ್ಕದಲ್ಲಿ ಕೂತ್ಲು. "ನಾನೂ ಇಲ್ಲೇ."