ಹಿಮ್ಮೆಟ್ಟುವ ಪಾಠ

ಯುದ್ಧ ಶುರುವಾದೊಡನೆ ದೇವರಾಜ ಮೊಹಲ್ಲಾದ ಹೋಟೆಲುಗಳಲ್ಲಿ ಮೇಜೆಂಬ ಮೇಜೆಲ್ಲ ಭೂಪಟವಾಗುವುದನ್ನು ನೀವೂ ನೋಡಿರುತ್ತೀರಿ. ನೀರಿನ ಲೋಟ ಹಿಮಾಲಯವಾಗುತ್ತದೆ, ಚಟ್ನಿಯ ಬಟ್ಟಲು ಟಿಬೆಟ್ಟಾಗುತ್ತದೆ, ಎರಡರ ನಡುವೆ ಉದ್ದಿನ ವಡೆಯೊಂದು ಅನಾಥವಾಗಿ ಗಡಿ ಕಾಯುತ್ತದೆ. ಚೀನಾದವರು ಇಳಿದುಬಂದ ಆ ಚಳಿಗಾಲದಲ್ಲಿ ಈ ಮೇಜುಗಳ ಸುತ್ತ ನನಗೆ ವಿಶೇಷ ಮರ್ಯಾದೆಯಿತ್ತು. ಏಕೆಂದರೆ ನಾನು ಎಂ.ಎ. ತರಗತಿಯಲ್ಲಿ ಯುದ್ಧತಂತ್ರ ಮತ್ತು ರಕ್ಷಣಾನೀತಿಯನ್ನು ಓದುತ್ತಿದ್ದೆ. ಸೊಳ್ಳೆಗಿಂತ ದೊಡ್ಡ ಶತ್ರುವನ್ನು ಕಂಡರಿಯದ, ಸೈಕಲ್ಲಿನಿಂದ ಇಳಿಯುವುದಕ್ಕೂ ಮೋರಿಕಟ್ಟೆಯ ನೆರವು ಬೇಡುತ್ತಿದ್ದ ನಾನು, ಕಾಫಿ ಆರುವುದರೊಳಗೆ ಇಡೀ ಡಿವಿಜನ್ನುಗಳನ್ನು ಬೆಟ್ಟ ಹತ್ತಿಸಿ ಇಳಿಸುತ್ತಿದ್ದೆ.

ನಮಗೆ ಆ ವಿಷಯವನ್ನು ಕಲಿಸುತ್ತಿದ್ದವರು ಶಿವಲಿಂಗಪ್ಪನವರು. ಕರೀಕೋಟು, ಜರಿಪೇಟ, ಒಬ್ಬನೇ ಮಗ ಸೇನೆಯಲ್ಲಿ ಲೆಫ್ಟಿನೆಂಟ್. ತರಗತಿಯ ಮುಂದೆ ತನ್ನ ಪ್ರಬಂಧ ಓದಿದವನನ್ನು, ಸೇನಾಪತಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೊನೆಯಲ್ಲಿ ಕೇಳುವುದು ಅವರ ಪದ್ಧತಿ. ಉತ್ತರದಲ್ಲಿ ನುಣುಚಿಕೊಂಡರೆ ಅವರು ಸಹಿಸುತ್ತಿರಲಿಲ್ಲ.

ನನಗೆ ಅವರೇ ಕೊಟ್ಟಿದ್ದ ವಿಷಯ ಈಶಾನ್ಯ ಗಡಿಯ ರಕ್ಷಣೆ. ಬರೆದು ಮುಗಿಸುವಷ್ಟರಲ್ಲಿ ಆ ಗಡಿಯೇ ಕುಸಿದುಬಿದ್ದಿತ್ತು. ಮಗ ಕಾಣೆಯಾಗಿದ್ದಾನೆಂದು ಅವರಿಗೆ ತಂತಿ ಬಂತು. ಅವನಿದ್ದ ಠಾಣೆಯನ್ನು ಅಷ್ಟು ದಿನ ಹಿಡಿದು ನಿಂತದ್ದೇ ತಪ್ಪೆಂದು ನನ್ನ ಪ್ರಬಂಧ ಗಂಭೀರ ಸಂಸ್ಕೃತ ಪದಗಳಲ್ಲಿ ತೀರ್ಪು ಕೊಟ್ಟಿತ್ತು. ವಿಷಯ ಬದಲಿಸುತ್ತೇನೆಂದು ಅಂಗಲಾಚಿದೆ.

"ಓದಿ ಕಣ್ರೀ," ಎಂದರು. "ಅಲ್ಲಿ ಏನಾಯ್ತು ಅಂತ ನನಗೆ ಬೇರೆ ಯಾರು ಹೇಳ್ತಾರೆ?"

ಓದಿದೆ. ನನ್ನ ಧ್ವನಿ ನನಗೇ ಅಸಹ್ಯವೆನಿಸಿತು. ಅವರು ಕಣ್ಣು ಮುಚ್ಚಿ ಕೇಳಿ, ಪದ್ಧತಿ ಬಿಡದೆ, "ನೀವಾಗಿದ್ರೆ?" ಎಂದರು.

"ಮೊದಲೇ ಹಿಂದಕ್ಕೆ ಕರೆಸ್ಕೋತಿದ್ದೆ ಸಾರ್."

"ಎಲ್ಲರನ್ನೂ?"

ಹೌದೆನ್ನಲಿ ಎಂಬ ಆಸೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಹಾಗೆಂದುಬಿಡೋಣವೆಂದು ನನಗೂ ಅನ್ನಿಸಿತು. ಆದರೆ ಅವರು ಕಲಿಸಿದ್ದು ಅದಲ್ಲವಲ್ಲ.

"ಇಲ್ಲ ಸಾರ್. ಉಳಿದೋರು ಇಳಿಯೋವರೆಗೂ ಒಂದು ತುಕಡಿ ಅಲ್ಲೇ ನಿಂತು ತಡೀಬೇಕು."

"ಆ ತುಕಡಿ?"

"ವಾಪಸು ಬರೋದು ಕಷ್ಟ ಸಾರ್."

ಅವರು ಪೇಟ ತೆಗೆದು ಮೇಜಿನ ಮೇಲಿಟ್ಟರು. ಬರಿತಲೆಯ ಮೇಷ್ಟರನ್ನು ನಾವು ಅಂದೇ ಮೊದಲು ನೋಡಿದ್ದು.

"ಸರಿಯಾಗೇ ಹೇಳಿದ್ರಿ," ಎಂದರು. "ರಜಕ್ಕೆ ಬಂದಾಗ ಅವನಿಗೂ ಇದನ್ನೇ ಹೇಳ್ಕೊಟ್ಟಿದ್ದೆ. ಆಫೀಸರಾದೋನು ಎಲ್ಲರಿಗಿಂತ ಕೊನೇಲಿ ಇಳೀಬೇಕು ಅಂತ."