ಪೂಜೆಯಲ್ಲಿ ಓದಿದ ಹೆಸರು

ನಮ್ಮ ಮಂಗಳೂರು ಕಡೆಯ ಕ್ಯಾಥೋಲಿಕರಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲೋ ನೆರೆಯಲ್ಲೋ ಯಾರಿಗಾದರೂ ಕಾಯಿಲೆಯಾದರೆ ಅವರ ಹೆಸರನ್ನು ಇಗರ್ಜಿಗೆ ಕೊಡುತ್ತೇವೆ. ಭಾನುವಾರದ ಪೂಜೆಯಲ್ಲಿ ಪಾದ್ರಿಗಳು ಅದನ್ನು ಓದುತ್ತಾರೆ, ಎಲ್ಲರೂ ಪ್ರಾರ್ಥಿಸುತ್ತಾರೆ. ಕಾಯಿಲೆಯವರದು ಯಾವ ಜಾತಿ, ಯಾವ ದೇವರು ಎಂದು ಊರಿನಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಹಾಗಾಗಿ ನನ್ನ ಗೆಳೆಯನಿಗೆ ಬೈಪಾಸ್ ಆಪರೇಷನ್ ಎಂದು ಗೊತ್ತಾದಾಗ ನನ್ನ ಹೆಂಡತಿ ಪಾದ್ರಿಗಳಿಗೆ ಅವನ ಹೆಸರು ಕೊಟ್ಟಳು.

ಅವನು ದಾವಣಗೆರೆಯವನು, ಲಿಂಗಾಯತ. ಓದುವ ಕಾಲದಲ್ಲಿ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಒಂದೇ ರೂಮಿನಲ್ಲಿದ್ದೆವು. ನಾನು ಜಪಸರ ಹಿಡಿದರೆ ಅವನು ಟಿವಿಯ ಸದ್ದು ತಗ್ಗಿಸುತ್ತಿದ್ದ. ಅವನು ಲಿಂಗಪೂಜೆಗೆ ಕೂತರೆ ನಾನು ಮೀನು ಹುರಿಯುವುದನ್ನು ಮುಂದಕ್ಕೆ ಹಾಕುತ್ತಿದ್ದೆ. ಖಾಯಂ ಆಗಿ ನೆಲೆಸಲು ಪಿಆರ್ ಸಿಕ್ಕ ಮೇಲೆ ಇಬ್ಬರೂ ಕೆಲಸ ಹುಡುಕಿಕೊಂಡು ಮೆಲ್ಬರ್ನ್‌ಗೆ ಬಂದು ವಿಂಡಮ್ ವೇಲ್‌ನಲ್ಲಿ ಹತ್ತಿರ ಹತ್ತಿರವೇ ಮನೆ ಮಾಡಿದೆವು.

ಅವನ ಆಪರೇಷನ್ ಆದ ವರ್ಷ ಇಲ್ಲಿನ ನಮ್ಮ ಇಗರ್ಜಿಗೆ ಸುವಾರ್ತೆ ಸಾರುವ ಹುರುಪು ಹತ್ತಿತ್ತು. ಅದಕ್ಕೊಂದು ಸಮಿತಿ. ಅದರ ಮುಖ್ಯಸ್ಥರಾಗಿದ್ದ ನಮ್ಮ ಕರಾವಳಿಯವರೇ ಆದ ಒಬ್ಬ ಅಂಕಲ್ ದಿನಬೆಳಗಾದರೆ ಅಮೆರಿಕದ ಬೋಧಕರ ವಿಡಿಯೊ ಕಳುಹಿಸುತ್ತಿದ್ದರು. ಅವುಗಳಲ್ಲಿ ಕ್ರಿಸ್ತನಿಗಿಂತ ಅಲ್ಲಿನ ಎಲೆಕ್ಷನ್ನೇ ಹೆಚ್ಚು. ಒಂದನ್ನು ನೋಡಿದ ಮಗಳು 'ಡ್ಯಾಡ್, ಆರ್ ವಿ ಲೈಕ್ ದೆಮ್?' ಎಂದು ಕೇಳಿದಾಗ ಅಂಕಲ್ ಮೇಲೆ ನನಗೆ ಮೈಯೆಲ್ಲ ಉರಿಯಿತು. ಇತ್ತ ಕನ್ನಡಿಗರ ವಾಟ್ಸಾಪ್ ಗ್ರೂಪ್‌ನಲ್ಲಿ ಮತಾಂತರದ ವಿಡಿಯೊಗಳು. ಅಲ್ಲಿದ್ದ ಒಬ್ಬನೇ ಕ್ರಿಶ್ಚಿಯನ್ ನಾನು. ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಇಗರ್ಜಿಗೆ ಕರೆತರಬಹುದಾದ ಒಬ್ಬರ ಹೆಸರು ಕೊಡಿ ಎಂದು ಸಮಿತಿ ಪ್ರತಿ ಮನೆಯವರನ್ನೂ ಕೇಳಿತ್ತು. ನಾವು ಕೊಟ್ಟಿರಲಿಲ್ಲ. ಆದರೆ ಆ ಭಾನುವಾರ ಪಾದ್ರಿಗಳು, ರೋಗಿಗಳ ಜೊತೆ ಓದಬೇಕಿದ್ದ ನನ್ನ ಗೆಳೆಯನ ಹೆಸರನ್ನು ಸಮಿತಿಯ ಪಟ್ಟಿಯ ಹೆಸರುಗಳ ಜೊತೆ ಓದಿ, ಇವರೆಲ್ಲ ಬೇಗ ನಮ್ಮ ಸಭೆಯನ್ನು ಸೇರಲಿ ಎಂದು ಪ್ರಾರ್ಥಿಸಿಬಿಟ್ಟರು. ಪೂಜೆ ಲೈವ್ ಹೋಗುತ್ತಿತ್ತು. ಮಧ್ಯಾಹ್ನದೊಳಗೆ ಆ ತುಣುಕು ಕನ್ನಡ ಗ್ರೂಪ್‌ಗೆ ಬಂತು. 'ಹುಷಾರಿಲ್ಲದವರನ್ನೇ ನೋಡಿ ಹಿಡೀತಾರೆ' ಎಂದು ಒಬ್ಬರು ಬರೆದರು. ಅವರ ಮಗನಿಗೆ ಕಾರು ಓಡಿಸಲು ಕಲಿಸಿದವನು ನಾನು.

ಗೆಳೆಯನ ಮನೆಗೆ ಓಡಿದೆ. ಆಪರೇಷನ್‌ಗೆಂದು ಊರಿನಿಂದ ಬಂದಿದ್ದ ಅವನ ತಾಯಿ ಬಾಗಿಲಲ್ಲೇ ಕೇಳಿದರು.

'ನನ್ ಮಗನ್ನ ನಿಮ್ಮಾಗ ಸೇರಿಸ್ಕಂಡ್ರಂತೆ, ಹೌದೇನಪ್ಪಾ?'

ನಡೆದದ್ದನ್ನೆಲ್ಲ ಹೇಳಿದೆ. ನಂಬಿದರೋ ಇಲ್ಲವೋ, ಒಳಗೆ ಬಿಟ್ಟರು. ಗೆಳೆಯ ಸೋಫಾದಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದ. ತುಣುಕು ಅಲ್ಲಿಗೂ ಮುಟ್ಟಿ, ದಾವಣಗೆರೆಯಿಂದ ಚಿಕ್ಕಪ್ಪ, ಸೋದರಮಾವ ಎಲ್ಲರೂ ಫೋನ್ ಮಾಡಿ ಬೈದಾಗಿತ್ತು.

'ಗ್ರೂಪಲ್ಲಿ ಹಾಕ್ಬಿಡೋ. ಚರ್ಚಲ್ಲಾಗ್ಲಿ ಮನೇಲಾಗ್ಲಿ ಇನ್ನು ನನ್ ಹೆಸರಲ್ಲಿ ಪ್ರಾರ್ಥನೆ ಮಾಡಲ್ಲ ಅಂತ. ಇವ್ರೆಲ್ಲ ಸುಮ್ಮನಾದ್ರೆ ಸಾಕು. ಹಾಸ್ಪಿಟಲ್‌ಗೂ ಬರ್ಬೇಡ, ಎಲ್ರೂ ಅಲ್ಲಿರ್ತಾರೆ.'

ಅವನೆದುರೇ ಬರೆದು ಕಳುಹಿಸಿದೆ. ಹೊರಗೆ ಬಂದು ಅಂಕಲ್‌ಗೆ ಫೋನ್ ಮಾಡಿ, ಮುಂದಿನ ಭಾನುವಾರ ಪಾದ್ರಿಗಳಿಂದ ತಪ್ಪಾಯಿತೆಂದು ಹೇಳಿಸಿ ಎಂದೆ. 'ಬೀಜ ಬಿದ್ದಾಗಿದೆ ಅಲ್ವಾ ಮಾರಾಯ, ಇನ್ನು ಯಾಕೆ ಹೆಕ್ಕುದು?' ಎಂದರು. ಅರ್ಧಕ್ಕೇ ಫೋನ್ ಇಟ್ಟೆ.

ಸಂಜೆ ಜಪಸರ ಮುಗಿಸಿ ಹೆಂಡತಿ ಅವನ ಹೆಸರೆತ್ತಲು ಹೋದಳು. ಬೇಡವೆಂದು ಕೈ ಅಡ್ಡ ಹಿಡಿದೆ. ನಾನು ಹಟದವನು, ಕೊಟ್ಟ ಮಾತು ಕೊಟ್ಟ ಮಾತೇ. ಆಪರೇಷನ್ ದಿನ ಡ್ಯಾಂಡಿನಾಂಗ್‌ನ ಗೋದಾಮಿನಲ್ಲಿ ಕೆಲಸ ಮಾಡುತ್ತಾ, ಬಾಯಿಗೆ ಬಂದ ಪ್ರಾರ್ಥನೆಯನ್ನು ಮತ್ತೆ ಮತ್ತೆ ನುಂಗಿಕೊಂಡೆ. ಅಷ್ಟು ಒಂಟಿ ದಿನವನ್ನು ನಾನು ಈ ದೇಶದಲ್ಲಿ ಕಂಡಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಅವನೇ ಫೋನ್ ಮಾಡಿದ. ದನಿ ಇನ್ನೂ ಸೋತಿತ್ತು.

'ಒಳಗೆ ಕರ್ಕೊಂಡ್ ಹೋಗುವಾಗ ಭಾಳ ಹೆದರಿದ್ದೆ ಕಣೋ. ನೀನು ಪ್ರಾರ್ಥನೆ ಮಾಡ್ತಿರ್ತೀಯ ಅಂದ್ಕೊಂಡು ಕಣ್ ಮುಚ್ಕೊಂಡೆ.'

ಈಗ ನೋವು ಹೇಗಿದೆ ಎಂದು ಕೇಳಿದೆ.

'ನೀನು ಪ್ರಾರ್ಥನೆ ಮಾಡಿದ್ದೆ ಅಲ್ವಾ?'

'ನೀನೇ ಬೇಡ ಅಂತ ಹೇಳಿದ್ದಲ್ವಾ ಮಾರಾಯ.'



'ಅದು ಗ್ರೂಪ್‌ನೋರಿಗೆ ಹೇಳಿದ್ದು ಕಣೋ' ಎಂದ. 'ನಿನಗಲ್ಲ.'