ಪರಸಪ್ಪ ಕೊಟ್ಟ ನಾಲ್ಕು ವಾಷರ್

2022ರಲ್ಲಿ ನಾನು ಗೋವಾದ ಉಸಗಾಂವದ ಒಂದು ಅದಿರು ಗಣಿಯಲ್ಲಿ ಪಂಪ್ ಸೆಕ್ಷನ್ನಿನ ಫೋರ್ಮನ್ ಆಗಿದ್ದೆ. ಕೋರ್ಟಿನ ಆದೇಶದಿಂದ ಗಣಿಗಾರಿಕೆ ನಿಂತು ವರ್ಷಗಳಾಗಿದ್ದವು. ಆದರೆ ಗುಂಡಿಗೆ ನೀರು ಬರುವುದು ಯಾರ ಆದೇಶಕ್ಕೂ ನಿಲ್ಲುವುದಿಲ್ಲ. ಹಾಗಾಗಿ ಟ್ರಕ್ಕಿನವರು, ಡೋಜರಿನವರು ಮನೆಗೆ ಹೋದರೂ ಪಂಪಿನವರಾದ ನಾವು ಏಳು ಜನ ಉಳಿದುಕೊಂಡೆವು. ಬೆಳಗಾವಿಯಿಂದ ಬಂದ ಮೇಲೆ ಮೂವತ್ತೊಂದು ವರ್ಷ ನನಗೆ ಇದೇ ಕೆಲಸ. ಸದ್ದು ಕೇಳಿಯೇ ಪಂಪಿನ ರೋಗ ಹೇಳಬಲ್ಲೆ ಎಂಬ ಜಂಬ ಬೇರೆ ಇತ್ತು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಜಡಿಮಳೆಯಲ್ಲಿ, ಟೆಂಪೋ ಓಡಿಸುವ ದಾನಿಯೇಲ ವರ್ಕ್‌ಶಾಪಿಗೆ ಬಂದ. ವಾರವಿಡೀ ನಮಗೆ ಪೈಪು ತಂದು ಹಾಕುವ ಇವನು ಭಾನುವಾರ ಉಸಗಾಂವದ ಕನ್ನಡ ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರ್.

“ಸಾಹೇಬ್ರ, ನಮ್ಮ ಹುಡುಗಿ ಸುಮಿತ್ರಾ ಆಫ್ರಿಕಾದಾಗ ಅದಾಳ್ರಿ. ಅಲ್ಲೆ ಪಂಪ್ ಕೆಟ್ಟು ಕುಂತೈತಿ. ಹತ್ತು ಮಿನಿಟ್ ಫೋನಿನ್ಯಾಗ ನೋಡ್ತೀರೇನ್ರಿ?”

ಮಿಷನರಿ ಎಂದರೆ ಪರದೇಶದಿಂದ ನಮ್ಮಲ್ಲಿಗೆ ಬರುವವರು ಎಂದುಕೊಂಡಿದ್ದವನು ನಾನು. ತಗಡಿನ ಮಾಡಿನ ಕೆಳಗೆ ಸೇರುವ ನಲವತ್ತು ಮನೆಗಳ ಒಂದು ಸಭೆ ತನ್ನ ಮಗಳನ್ನೇ ಪರದೇಶಕ್ಕೆ ಕಳಿಸಿ ಸಾಕುತ್ತಿದೆ ಎಂದು ಗೊತ್ತಾದದ್ದು ಅವತ್ತು. ಗಾರೆ ಕೆಲಸದವರು, ಹಮಾಲರು, ಕಾಣಕೋಣದ ಬೀಚಿನಲ್ಲಿ ಮಣಿಸರ ಮಾರುವ ಹೆಂಗಸರು, ಎಲ್ಲರೂ ವಿಜಯಪುರ, ಬಾಗಲಕೋಟೆ ಕಡೆಯವರು. ಅವರ ನಡುವೆಯೇ ಬೆಳೆದ ನರ್ಸ್ ಸುಮಿತ್ರಾ, ಗಂಡ ಯೋಹಾನನ ಜೊತೆ ಮೊಜಾಂಬಿಕ್‌ನ ಒಂದು ಹಳ್ಳಿಯ ದವಾಖಾನೆಯಲ್ಲಿದ್ದಳು. ಅವರಿಬ್ಬರ ಊಟ, ಬಟ್ಟೆ, ಔಷಧಿ ಈ ನಲವತ್ತು ಮನೆಗಳ ಕಾಣಿಕೆಯಿಂದಲೇ ನಡೆಯಬೇಕು.

ದವಾಖಾನೆಯ ಅಂಗಳದ ಕೈಪಂಪು ನಿಂತುಹೋಗಿತ್ತು. ಬಸುರಿಯರ ಜೊತೆ ಬಂದವರು ದೂರದ ಹೊಳೆಯಿಂದ ನೀರು ಹೊರುತ್ತಿದ್ದರು. ಸೆಪ್ಟೆಂಬರ್ ಮುಗಿಯುವುದರೊಳಗೆ ನೀರು ಬಾರದಿದ್ದರೆ ಹೆರಿಗೆ ಕೋಣೆ ಮುಚ್ಚಬೇಕು ಎಂದು ಅಲ್ಲಿನ ಆರೋಗ್ಯ ಇಲಾಖೆಯವರು ಹೇಳಿಬಿಟ್ಟಿದ್ದರು. ಹೊಸ ಪಂಪು ಕೊಡಿಸುವ ಶಕ್ತಿ ಸಭೆಗಿರಲಿಲ್ಲ. ಆ ಮಳೆಗಾಲ ಅರ್ಧ ಜನಕ್ಕೆ ಕೂಲಿಯೇ ಇರಲಿಲ್ಲ. ನಾವಿಲ್ಲಿ ಹಗಲಿಡೀ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದೆವು, ಅಲ್ಲಿ ಹೆತ್ತವಳ ಮೈ ತೊಳೆಯಲು ನೀರಿಲ್ಲ.

ವಿಡಿಯೋದಲ್ಲಿ ಸುಮಿತ್ರಾ ಹಿಡಿಕೆ ಆಡಿಸಿ ತೋರಿಸಿದಳು. ಹಿಡಿಕೆ ಹಗುರವಾಗಿ ಏರಿಳಿಯುತ್ತಿತ್ತು, ನೀರಿಲ್ಲ. “ಬಕೆಟ್ ವಾಷರ್ ಹೋಗೇತಿ, ಬಿಚ್ಚಿಸವ್ವ” ಎಂದೆ. ಪಂಪಿನ ಸಿಲಿಂಡರಿನೊಳಗೆ ಏರಿಳಿಯುತ್ತ ನೀರನ್ನು ಮೇಲಕ್ಕೆಳೆಯುವ, ಬಟ್ಟಲಿನ ಆಕಾರದ ವಾಷರ್ ಅದು. ಯೋಹಾನ ಬಿಚ್ಚಿದಾಗ ಹರಿದ ಚರ್ಮದ ಚೂರುಗಳು ಕೈಗೆ ಬಂದವು. ಯಾವುದೋ ಕಾಲದ, ಯಾವುದೋ ಕಂಪನಿಯ ಪಂಪು. ಸಿಲಿಂಡರಿನ ಒಳ ಅಳತೆ ಎಪ್ಪತ್ತೆರಡು ಮಿಲಿಮೀಟರ್. ಆ ಅಳತೆಯ ವಾಷರ್ ಅಲ್ಲಿಯೂ ಸಿಗಲಿಲ್ಲ, ಮಡಗಾಂವದ ಅಂಗಡಿಗಳನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ.

ಆಗ ದಾನಿಯೇಲ ಪರಸಪ್ಪನನ್ನು ಕರೆತಂದ. ಅಥಣಿ ಕಡೆಯ, ಅರವತ್ತು ದಾಟಿದ ಚಪ್ಪಲಿ ಕೆಲಸಗಾರ. ಮಡಗಾಂವದ ಮಾರ್ಕೆಟ್ಟಿನ ಹೊರಗೆ ಕೂತು ಚಪ್ಪಲಿ ಹೊಲಿಯುತ್ತಿದ್ದ. ಅವನೂ ಅದೇ ಸಭೆಯವನು. ನಾನು ಬರೆದುಕೊಟ್ಟ ನಕ್ಷೆಯನ್ನು ಅವನು ಬಹಳ ಹೊತ್ತು ನೋಡಿದ.

“ಸಾಹೇಬ್ರ, ತೊಗಲು ನೀರು ಕುಡದು ಉಬ್ಬತೈತ್ರಿ. ಅರ್ಧ ನೂಲು ಸಣ್ಣದ ಇರ್ಲಿ. ಎಣ್ಣ್ಯಾಗ ನೆನಸಾಕೂ ಬೇಕ್ರಿ.”

ಅರ್ಧ ನೂಲೆಂದರೆ ಸುಮಾರು ಒಂದೂವರೆ ಮಿಲಿಮೀಟರ್. ಗಣಿಯಲ್ಲಿ ರಬ್ಬರಿನ ಸೀಲುಗಳ ಜೊತೆಗೇ ಜೀವನ ಕಳೆದವನು ನಾನು. ಅಳತೆಯಲ್ಲಿ ಕೂದಲೆಳೆ ಕಡಿಮೆಯಾದರೂ ನೀರು ಸೋರುತ್ತದೆ ಎಂಬುದೇ ನನ್ನ ವೇದ. ನನ್ನ ಕೈಕೆಳಗಿನ ಹುಡುಗರೆಲ್ಲ ಸುತ್ತ ನಿಂತಿದ್ದರು. ಅವರೆದುರು ಗದರಿಸಿಯೇ ಬಿಟ್ಟೆ: “ನೀ ಚಪ್ಪಲಿ ಅಳತಿ ನೋಡ್ಕೊ ಪರಸಪ್ಪ. ಪಂಪಿನ ಅಳತಿ ನನಗ ಬಿಡು.”

ಅವನು ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ನಾನು ಹೇಳಿದ ಅಳತೆಗೆ ಸರಿಯಾಗಿ ನಾಲ್ಕು ವಾಷರ್ ಮಾಡಿಕೊಟ್ಟ. ಕೊರಿಯರ್ ಮುಟ್ಟಲು ಹದಿನೆಂಟು ದಿನ ಹಿಡಿಯಿತು. ಯೋಹಾನ ಒಂದನ್ನು ಜೋಡಿಸಿದ ದಿನ ನೀರು ಧೋ ಎಂದು ಬಂತು. ಫೋನಿನಲ್ಲಿ ಅಲ್ಲಿನ ಹೆಂಗಸರು ಹಾಡುವುದು ಕೇಳಿಸಿತು. ನಾನು ವರ್ಕ್‌ಶಾಪಿನವರಿಗೆಲ್ಲ ಚಹಾ ಕೊಡಿಸಿದೆ.

ಮರುದಿನ ಮಧ್ಯಾಹ್ನ ಸುಮಿತ್ರಾಳ ಸಂದೇಶ: ಹಿಡಿಕೆ ಅಲುಗುತ್ತಿಲ್ಲ. ಇಬ್ಬರು ಜೋತುಬಿದ್ದರೂ ಇಲ್ಲ. ಬಲವಂತ ಮಾಡಿದ್ದಕ್ಕೆ ರಾಡ್ ಸ್ವಲ್ಪ ಬಗ್ಗಿದೆ. ಉಳಿದ ಮೂರನ್ನು ಹಾಕಿ ನೋಡಲೇ ಎಂದು ಕೇಳಿದ್ದಳು. ಓದುತ್ತಿದ್ದಂತೆ ನನಗೆ ತಿಳಿದುಹೋಯಿತು. ಪರಸಪ್ಪ ಹೇಳಿದಂತೆ ತೊಗಲು ನೀರು ಕುಡಿದು ಉಬ್ಬಿ, ಸಿಲಿಂಡರಿನಲ್ಲಿ ಕಚ್ಚಿಕೊಂಡಿತ್ತು; ಉಳಿದ ಮೂರೂ ಅದೇ ಅಳತೆಯವು. ಗಡುವಿಗೆ ಉಳಿದದ್ದು ಹನ್ನೆರಡು ದಿನ. ಹೊಸದು ಮಾಡಿ, ನೆನೆಸಿ, ಮತ್ತೆ ಕೊರಿಯರ್ ಮಾಡುವಷ್ಟು ಹೊತ್ತೇ ಇರಲಿಲ್ಲ. ನನ್ನ ಹಟಕ್ಕೆ ಒಂದು ಹೆರಿಗೆ ಕೋಣೆ ಮುಚ್ಚುವ ಹಾಗಾಗಿತ್ತು.

ರಜೆ ಹಾಕಿ ಮಡಗಾಂವದ ಬಸ್ಸು ಹತ್ತಿದೆ. ಮಾರ್ಕೆಟ್ಟಿನ ಹೊರಗೆ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತಿದ್ದ ಪರಸಪ್ಪನ ಎದುರು ಕುಕ್ಕರಗಾಲಲ್ಲಿ ಕೂತೆ.

“ತಪ್ಪು ನಂದರಿ, ಪರಸಪ್ಪನವರ. ನಿಮ್ಮ ಮಾತು ಕೇಳಬೇಕಿತ್ತು.”

ಅವರು ಹಿಂದಿನ ಪೆಟ್ಟಿಗೆಯಿಂದ ಒಂದು ಹಳೆಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಔಡಲೆಣ್ಣೆಯಲ್ಲಿ ನಾಲ್ಕು ವಾಷರ್ ಮುಳುಗಿದ್ದವು.

“ಅವತ್ತ ಅರ್ಧ ನೂಲು ಸಣ್ಣವು ಮಾಡಿಟ್ಟೀನ್ರಿ. ತಿಂಗಳಾತು, ಭೇಷ್ ನೆಂದಾವ.”

“ಮತ್ತ ಯಾಕ ಕೊಡ್ಲಿಲ್ರಿ?”

“ನೀವು ಬ್ಯಾಡ ಅಂದಿದ್ರಿ. ದೊಡ್ಡವ್ರು ಬ್ಯಾಡ ಅಂದ ಮ್ಯಾಲೆ ಹೆಂಗ ಕೊಡೂದು? ಬೇಕಾದ್ರ ಇರ್ಲಿ ಅಂತ ಇಟ್ಟಿದ್ನಿ.”

ಜೇಬಿಗೆ ಕೈ ಹಾಕಿದರೆ ಅವರು ನನ್ನ ಕೈ ಹಿಡಿದರು. “ಬ್ಯಾಡ್ರಿ. ಎರಡ ವರ್ಸಾತು, ಆ ಹುಡುಗಿ ಸಲುವಾಗಿ ಕಾಣಿಕಿ ಹಾಕಾಕ ನನ್ನ ಕೈಲೆ ಆಗಿಲ್ಲ. ಇದು ನನ್ನ ಕಾಣಿಕಿ.”

ಆಮೇಲಿನದು ದಾನಿಯೇಲನ ಓಡಾಟ. ಆ ವಾರವೇ ಮೊಜಾಂಬಿಕ್‌ಗೆ ಹೊರಟಿದ್ದ ಮಡಗಾಂವದ ಒಬ್ಬ ಗೋಡಂಬಿ ವ್ಯಾಪಾರಿಯನ್ನು ಹುಡುಕಿ, ಅವರ ಬ್ಯಾಗಿನಲ್ಲಿ ಪೊಟ್ಟಣ ಇಡಿಸಿದ. ಅಲ್ಲಿ ಯೋಹಾನ ರಾಡನ್ನು ನೆಟ್ಟಗೆ ಮಾಡಿಸಿಟ್ಟಿದ್ದ. ಗಡುವಿಗೆ ಮೂರು ದಿನ ಇರುವಾಗ ನೀರು ಬಂತು. ಈ ಸಲ ನಾನು ಯಾರಿಗೂ ಚಹಾ ಕೊಡಿಸಲಿಲ್ಲ. ಒಂದು ವಾರ ಕಾದೆ. ಎಂಟನೆಯ ದಿನವೂ ಹಿಡಿಕೆ ಸಲೀಸಾಗಿ ಆಡುತ್ತಿತ್ತು.

ಮುಂದಿನ ಭಾನುವಾರ ದಾನಿಯೇಲ ನನ್ನನ್ನು ಸಭೆಗೆ ಕರೆದ. ಜಮಖಾನೆಯ ಮೇಲೆ ಕೂತೆ. ಸುಮಿತ್ರಾಳ ಪತ್ರ ಓದಿದರು. ನೀರು ಬಂದ ರಾತ್ರಿಯೇ ಅವಳು ಒಂದು ಹೆರಿಗೆ ಮಾಡಿಸಿದ್ದಳು, ತಾಯಿ-ಮಗು ಕ್ಷೇಮ. ಕೊನೆಗೆ, ಪಂಪು ಸರಿಮಾಡಿಸಿದ ಫೋರ್ಮನ್ ಸಾಹೇಬರಿಗೆ ಕೃತಜ್ಞತೆ ಎಂದಿತ್ತು. ವಾಷರ್ ಮಾಡಿದವರು ಯಾರೆಂದು ಅವಳಿಗೆ ನಾನು ಹೇಳಿಯೇ ಇರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಕೊನೆಯ ಸಾಲಿನಲ್ಲಿ ಪರಸಪ್ಪನವರೂ ಹೊಡೆಯುತ್ತಿದ್ದರು, ಅದೂ ಎಲ್ಲರಿಗಿಂತ ಜೋರಾಗಿ.

ಸುಮ್ಮನೆ ಕೂತಿದ್ದರೆ ಮುಗಿದುಹೋಗುತ್ತಿತ್ತು. ಕೂರಲಾಗಲಿಲ್ಲ. ಎದ್ದು ನಿಂತೆ.

“ನನ್ನಿಂದ ಪಂಪ್ ಕಚ್ಚಿಕೊಂಡು ನಿಂತಿತ್ರಿ. ನೀರು ತಂದವ್ರು ಹಿಂದ ಕುಂತಾರ. ಪರಸಪ್ಪನವರು.”

ಪರಸಪ್ಪನವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

ಆಮೇಲೆ ಎರಡು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಆ ಎರಡು ವರ್ಷ, ಅಳತೆಗೆ ಸಹಿ ಹಾಕುವ ಮೊದಲು ಆ ವಸ್ತುವನ್ನು ದಿನವೂ ಕೈಯಲ್ಲಿ ಹಿಡಿಯುವವನನ್ನು ಕರೆದು “ನೀವೇನಂತೀರಿ?” ಎಂದು ಕೇಳಿದೆ. ವೃತ್ತಿ ನನಗೆ ಕಲಿಸಿದ್ದರಲ್ಲಿ ದೊಡ್ಡದು ಇದೇ, ಅದನ್ನು ಕಲಿತದ್ದು ಗಣಿಯ ಹೊರಗೆ. ಎಲ್ಲರೆದುರು ಬೈಸಿಕೊಂಡು ಹೋದ ಮನುಷ್ಯ ಅದೇ ದಿನ ಕೂತು, ನನ್ನ ತಪ್ಪಿನಿಂದ ಆ ಹುಡುಗಿಗೆ ತೊಂದರೆಯಾಗಬಾರದೆಂದು ಇನ್ನೂ ನಾಲ್ಕು ವಾಷರ್ ಕೊಯ್ದಿದ್ದ. ನಾನಾಗಿದ್ದರೆ ಕೊಯ್ಯುತ್ತಿರಲಿಲ್ಲ.